ಮೂಗಣ್ಣ ಕೊಂಡ ಗ್ಯಾಸ್ ಗ್ರಿಲ್

ಗ್ಯಾಸ್ ಕಂಪನಿಯಲ್ಲಿ ಅವನ ನಿಜವಾದ ಹೆಸರು ಹಾಜರಿ ಪುಸ್ತಕಕ್ಕೆ ಮಾತ್ರ ಬೇಕಾಗುತ್ತಿತ್ತು. ಮಿಕ್ಕಂತೆ ಸೂಪರ್‌ವೈಸರಿಂದ ಹಿಡಿದು ಗೇಟು ಕಾಯುವವನವರೆಗೆ ಎಲ್ಲರಿಗೂ ಅವನು ಮೂಗಣ್ಣ. ಮನೆಮನೆಗೆ ಹೋಗಿ ಗ್ಯಾಸ್ ಎಲ್ಲಿ ಸೋರುತ್ತಿದೆ ಎಂದು ಪತ್ತೆ ಹಚ್ಚುವುದು ಅವನ ಕೆಲಸ. ಬೇರೆಯವರು ಚೀಲದಿಂದ ಯಂತ್ರ ತೆಗೆಯುವಷ್ಟರಲ್ಲಿ ಇವನು ಮೆಟ್ಟಿಲ ಬುಡದಲ್ಲೇ ನಿಂತು, ಮುಖ ತುಸು ಮೇಲೆತ್ತಿ, "ಎರಡನೇ ಮಹಡಿ, ಎಡಗಡೆ ಮನೆ, ಒಲೆ ಹಿಂದಿನ ಪೈಪು" ಎಂದುಬಿಡುತ್ತಿದ್ದ. ಹೋಗಿ ನೋಡಿದರೆ ಹಾಗೆಯೇ ಇರುತ್ತಿತ್ತು. ಜನ ಮೂಗಿನ ಮೇಲೆ ಬೆರಳಿಡುತ್ತಿದ್ದರು. ಅವನು ತನ್ನ ಮೂಗನ್ನು ಒಮ್ಮೆ ನೇವರಿಸಿಕೊಂಡು ಚೀಲ ಹೆಗಲಿಗೇರಿಸುತ್ತಿದ್ದ.

ಆ ಮೂಗು ಸತ್ತು ಎರಡು ವರ್ಷವಾಗಿತ್ತು.

ಒಂದು ವಾರ ಜ್ವರ ಬಂದಿತ್ತು. ಜ್ವರ ಹೋಗುವಾಗ ವಾಸನೆಯನ್ನೆಲ್ಲ ಗಂಟು ಕಟ್ಟಿಕೊಂಡು ಹೋಯಿತು. ಡಾಕ್ಟರು "ಬಂದರೂ ಬರಬಹುದು, ಕಾದು ನೋಡಿ" ಎಂದರು. ಅವನು ಕಾದ. ಕಾಯುತ್ತಿರುವ ವಿಷಯವನ್ನು ಮಾತ್ರ ಒಂದು ನರಪಿಳ್ಳೆಗೂ ಹೇಳಲಿಲ್ಲ. ಯಂತ್ರವಿದೆ, ಸೋಪಿನ ನೀರಿದೆ, ಇವಕ್ಕೆಲ್ಲ ಮೂಗು ಬೇಕಿಲ್ಲ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ. ಅದು ಸುಳ್ಳೂ ಅಲ್ಲ. ಆದರೆ ಯಾರದಾದರೂ ಮನೆಗೆ ಕಾಲಿಟ್ಟೊಡನೆ ಮೊದಲಿನಂತೆಯೇ ಮುಖ ಮೇಲೆತ್ತಿ ಎರಡು ಸಲ ಸೊರ್ ಸೊರ್ ಎಂದು ಉಸಿರೆಳೆಯುವುದನ್ನು ಬಿಡಲಿಲ್ಲವಲ್ಲ, ಅದು ಶುದ್ಧ ನಾಟಕ. ಮನೆಯಲ್ಲೂ ಅಷ್ಟೆ. ಹೆಂಡತಿ ಪಾತ್ರೆಯ ಮುಚ್ಚಳ ತೆಗೆದು ಅವನತ್ತ ನೋಡಿದರೆ "ಘಮ್ ಅಂತಿದೆ" ಎನ್ನುತ್ತಿದ್ದ. ಬೀದಿಯಲ್ಲಿ ಬೇರೆಯವರು ಮೂಗು ಮುಚ್ಚಿಕೊಂಡರೆ ತಾನೂ ಮುಚ್ಚಿಕೊಳ್ಳುತ್ತಿದ್ದ. ಎಲ್ಲರಿಗಿಂತ ಅರೆಕ್ಷಣ ತಡವಾಗಿ.

ಹೀಗಿರುವಾಗ ಒಂದು ಸಂಜೆ, ಮನೆ ಸಾಮಾನಿನ ದೊಡ್ಡ ಅಂಗಡಿಯೊಂದರ ಬಾಗಿಲಲ್ಲಿ ಗ್ಯಾಸ್ ಗ್ರಿಲ್ ಹಚ್ಚಿ ತೋರಿಸುತ್ತಿದ್ದರು. ಮಾರುವವನು ದಪ್ಪ ಮೆಣಸಿನಕಾಯಿಯನ್ನು ಕಬ್ಬಿಣದ ಜಾಲರಿಯ ಮೇಲಿಟ್ಟು ಕಪ್ಪಾಗುವಂತೆ ಸುಡುತ್ತಿದ್ದ. ಹೊಗೆ ಮುಖಕ್ಕೆ ರಾಚಿತು. ಮೂಗಣ್ಣನಿಗೆ ಏನೋ ಬಂದಂತಾಯಿತು. ವಾಸನೆಯೇ ಹೌದೋ, ನೆನಪೋ, ಹೊಗೆಯ ಖಾರವೋ, ಏನೋ ಒಂದು. ಎರಡು ವರ್ಷದಲ್ಲಿ ಮೊದಲ ಸಲ. ಅವನು ಮೂರು ಮೆಣಸಿನಕಾಯಿ ಸುಟ್ಟು ಮುಗಿಯುವವರೆಗೂ ಅಲ್ಲಿಂದ ಕದಲಲಿಲ್ಲ. ಮನೆಗೆ ಬಂದವನೇ, "ನಮ್ಮ ಹಿಂದಿನ ಅಂಗಳಕ್ಕೆ ಒಂದು ಗ್ರಿಲ್ ತರೋಣ" ಎಂದ.

ಹಿಂದಿನ ಅಂಗಳ ಎಂದರೆ ಮಹಾ ಅಂಗಳವೇನಲ್ಲ. ಅಡುಗೆಮನೆ ಬಾಗಿಲು ತೆರೆದರೆ ಕಲ್ಲುಚಪ್ಪಡಿ ಹಾಸಿದ ಎಂಟಡಿ ಉದ್ದ, ಆರಡಿ ಅಗಲದ ಜಾಗ. ಅಲ್ಲಿ ಒಂದು ನಲ್ಲಿ, ಬಟ್ಟೆ ಒಣಗಿಸುವ ಹಗ್ಗ, ನಾಲ್ಕು ಕುಂಡ, ಎರಡು ಪ್ಲಾಸ್ಟಿಕ್ ಕುರ್ಚಿ. ಮೂಗಣ್ಣ ಟೇಪು ಹಿಡಿದು ಇಂಚಿಂಚನ್ನೂ ಅಳೆದ. ಬಾಗಿಲು ಹೊರಕ್ಕೆ ತೆರೆಯುತ್ತದೆ, ಅದಕ್ಕೆ ಎರಡೂವರೆ ಅಡಿ ಬಿಡಬೇಕು. ಗೋಡೆಯಿಂದ ಗ್ರಿಲ್ಲಿಗೆ ಮೂರಡಿ. ಹಗ್ಗ ಆ ಕಡೆಗೆ ಹೋಗಬೇಕು. ಮುಚ್ಚಳ ಹಿಂದಕ್ಕೆ ಮಗುಚುವಂಥದಾದರೆ ಅದಕ್ಕೂ ಜಾಗ ಬೇಕು.

"ನನ್ನ ಮದುವೆ ಆಗೋವಾಗ ಇಷ್ಟು ವಿಚಾರ ಮಾಡಿದ್ರಾ?" ಎಂದಳು ಹೆಂಡತಿ.

"ಮಾಡಿದ್ರೆ ಆಗ್ತಿದ್ರಾ?" ಎಂದು ಒಳಗಿಂದ ಅತ್ತೆ ಕೇಳಿದರು.

ಅತ್ತೆ ಎಂದರೆ ಹೆಂಡತಿಯ ತಾಯಿ. ಎಪ್ಪತ್ತಮೂರು ವರ್ಷ. ಏಳು ವರ್ಷದಿಂದ ಇವರ ಜೊತೆಯಲ್ಲೇ ಇದ್ದರು. ಬೆಳಗಿನ ಅಡುಗೆ ಅವರದ್ದೇ. ಒರೆಸುವ ಬಟ್ಟೆಯೊಂದು ಸದಾ ಅವರ ಹೆಗಲ ಮೇಲೆ ಇರುತ್ತಿತ್ತು. ಕಣ್ಣಿಗೆ ಬಿದ್ದದ್ದನ್ನೆಲ್ಲ ಒರೆಸುತ್ತಿದ್ದರು. ಸ್ವಲ್ಪ ಹೊತ್ತು ಅಲುಗದೆ ಕೂತರೆ ಮೊಮ್ಮಗಳನ್ನೂ. ನಾಲಿಗೆ ಚುರುಕು, ಕೈ ಚುರುಕು, ಲೆಕ್ಕಾಚಾರ ಚುರುಕು. ಅವರಿಗೆ ಜಗತ್ತಿನಲ್ಲಿ ಒಂದೇ ಒಂದು ಹೆದರಿಕೆ. ಅವರ ಅಕ್ಕ ಕೊನೆಗಾಲದಲ್ಲಿ ಒಂದೊಂದಾಗಿ ಎಲ್ಲ ಮರೆತು, ಹೆತ್ತ ಮಕ್ಕಳನ್ನೇ "ನೀವ್ಯಾರು?" ಎಂದು ಕೇಳುವಂತಾಗಿದ್ದರು. "ಕಾಲು ಹೋಗಲಿ, ಕಣ್ಣು ಹೋಗಲಿ, ತಲೆ ಒಂದು ಸರಿ ಇರಲಿ" ಎಂದು ಅತ್ತೆ ಆಗಾಗ ಹೇಳುತ್ತಿದ್ದರು. ಇದು ಮೂಗಣ್ಣನಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿತ್ತು ಎನ್ನುವುದನ್ನು ಓದುವವರು ನೆನಪಿಟ್ಟುಕೊಳ್ಳಬೇಕು.

ಅಂಗಡಿಯಲ್ಲಿ ಮಾರುವವನು ನಾಲ್ಕು ಬರ್ನರಿನ, ಚಕ್ರಗಳಿರುವ ದೈತ್ಯನೊಂದನ್ನು ತೋರಿಸಿದ. ಅದನ್ನು ಅಂಗಳದಲ್ಲಿಟ್ಟರೆ ಮನೆಯವರು ಬೀದಿಯಲ್ಲಿ ನಿಲ್ಲಬೇಕಿತ್ತು. ಇನ್ನೊಂದು ಮೇಜಿನ ಮೇಲಿಡುವ ಒಂದೇ ಬರ್ನರಿನದು. ಮಧ್ಯದಲ್ಲಿ ಉರಿ, ಅಂಚಿಗೆ ಬರೀ ಬೆಚ್ಚಗೆ. ಮೂಗಣ್ಣ ಬಗ್ಗಿ ಬರ್ನರಿನ ತೂತುಗಳನ್ನು ನೋಡಿದ, ಜಾಲರಿ ಎತ್ತಿ ತೂಕ ನೋಡಿದ, ಕೊಬ್ಬು ಇಳಿಯುವ ಟ್ರೇ ಎಳೆದು ನೋಡಿದ, ಪೈಪಿನ ಮೇಲಿನ ತಾರೀಖು ಓದಿದ. ಕೊನೆಗೆ ಎರಡು ಬರ್ನರಿನ ಪುಟ್ಟದೊಂದನ್ನು ಆರಿಸಿದ. ಎರಡೂ ಪಕ್ಕದ ಹಲಗೆ ಮಡಚಬಹುದು, ಎರಕದ ಕಬ್ಬಿಣದ ಜಾಲರಿ, ಮುಚ್ಚಳಕ್ಕೆ ಶಾಖ ತೋರಿಸುವ ಮುಳ್ಳು, ಚಟ್ ಎಂದು ಒತ್ತಿದರೆ ಕಿಡಿ ಹಾರುವ ಗುಂಡಿ. "ಸಾರ್ ಈ ಲೈನಿನೋರು ಅನ್ಸುತ್ತೆ" ಎಂದು ಮಾರುವವನು ಸೋಲೊಪ್ಪಿದ. "ಇವರ ಮೂಗು ಅಂದ್ರೆ ಊರಿಗೇ ಗೊತ್ತು" ಎಂದು ಹೆಂಡತಿ ಹೆಮ್ಮೆಯಿಂದ ಹೇಳಿದಳು. ಅವನು ಪೈಪು ಪರೀಕ್ಷಿಸುವ ನೆಪದಲ್ಲಿ ಇನ್ನೂ ಬಗ್ಗಿದ.

ಗ್ರಿಲ್ ಬಂದ ಮೇಲೆ ಆಫೀಸಿನಲ್ಲಿ ಅದರದೇ ಮಾತು. ಕೇಳಿ ಕೇಳಿ ಸಾಕಾದ ಸೂಪರ್‌ವೈಸರು, "ಬರೀ ಬಾಯಲ್ಲೇ ಸುಡ್ತೀಯೋ, ನಮಗೂ ಕೊಡ್ತೀಯೋ?" ಎಂದರು. ಭಾನುವಾರ ಮಧ್ಯಾಹ್ನಕ್ಕೆ ಅವರನ್ನು ಕರೆದದ್ದಾಯಿತು.

ಆ ಭಾನುವಾರ ಅವನು ಸಿಲಿಂಡರ್ ಜೋಡಿಸಿದ. ಪ್ರತಿ ಜೋಡಣೆಗೂ ಸೋಪಿನ ನೀರು ಹಚ್ಚಿ ಗುಳ್ಳೆ ಏಳುವುದಿಲ್ಲ ಎಂದು ನೋಡಿದ. ಮುಚ್ಚಳ ತೆರೆದ, ಎಡಗಡೆ ನಾಬ್ ತಿರುಗಿಸಿದ, ಗುಂಡಿ ಒತ್ತಿದ. ಹತ್ತಲಿಲ್ಲ. ಹೊಸ ಪೈಪಿನಲ್ಲಿ ಗಾಳಿ ತುಂಬಿರುತ್ತದೆ, ಗ್ಯಾಸ್ ಬರಲು ಸ್ವಲ್ಪ ಹೊತ್ತು ಬೇಕು. ಅದು ಅವನಿಗೆ ಗೊತ್ತು. ಮತ್ತೊಮ್ಮೆ ಒತ್ತಿದ. ಅಷ್ಟರಲ್ಲಿ ಮುಂಬಾಗಿಲಲ್ಲಿ ಸೂಪರ್‌ವೈಸರ ದನಿ ಕೇಳಿಸಿತು. ಮುಚ್ಚಳ ಹಾಕಿ, ಕೈ ಒರೆಸಿಕೊಳ್ಳುತ್ತ ಓಡಿದ. ನಾಬ್ ತೆರೆದೇ ಇತ್ತು.

ಮೂಗಿದ್ದ ಕಾಲದಲ್ಲಾದರೆ ಮರಳಿ ಬಂದು ಹೊಸ್ತಿಲು ದಾಟುವಾಗಲೇ ತಿಳಿಯುತ್ತಿತ್ತು. ಮೂಗು ಹೋದ ಮೇಲೆ ಅವನು ಕಿವಿಯನ್ನು ನಂಬಿದ್ದ. ಗ್ಯಾಸ್ ಹರಿಯುವ ಸುಯ್ ಎಂಬ ಸದ್ದು ಅವನಿಗೆ ಹತ್ತಡಿಯಿಂದ ಕೇಳಿಸುತ್ತಿತ್ತು. ಆದರೆ ಅಡುಗೆಮನೆಯಲ್ಲಿ ಹೆಂಡತಿ ಮಿಕ್ಸಿ ಹಾಕಿದ್ದಳು. ಅವನು ಉಪಚಾರ, ನಗು, ಮಾತು ಎಲ್ಲ ಮುಗಿಸಿ ಏಳೆಂಟು ನಿಮಿಷದ ನಂತರ ಸೂಪರ್‌ವೈಸರನ್ನು ಮೆರವಣಿಗೆಯಲ್ಲಿ ಕರೆತಂದ ಹಾಗೆ ಅಂಗಳಕ್ಕೆ ಕರೆತಂದ. ಹನ್ನೆರಡು ವರ್ಷದ ಮಗಳು ಜೋಳದ ತೆನೆಗಳ ತಟ್ಟೆ ಹಿಡಿದು ಗ್ರಿಲ್ಲಿನ ಮುಂದೆ ಬಂದು ನಿಂತಳು. "ನೋಡಿ ಸಾರ್, ಒಂದೇ ಒತ್ತು" ಎಂದು ಮೂಗಣ್ಣ ನಾಬಿನತ್ತ ನೋಡದೆಯೇ ಮುಚ್ಚಳವನ್ನು ಗೇಣಷ್ಟು ಎತ್ತಿದ.

"ಅಪ್ಪ, ಏನೋ ನಾತ..." ಎಂದಳು ಮಗಳು. ಅವನು ಒತ್ತಿಯಾಗಿತ್ತು.

ಧಗ್ ಎಂದು ಬೆಂಕಿ ಮುಚ್ಚಳವನ್ನು ಹಿಂದಕ್ಕೆ ಎಸೆದು ಮೇಲೆದ್ದಿತು. ಒಂದು ಕ್ಷಣ, ಅಷ್ಟೆ. ತಟ್ಟೆ ಕಲ್ಲಿನ ಮೇಲೆ ಬಿತ್ತು. ಮಗಳು ಮುಖ ಮುಚ್ಚಿಕೊಂಡು ಚೀರಿದಳು. ಅವನು ಸಿಲಿಂಡರ್ ಮುಚ್ಚಿ, ಅವಳ ಕೈ ಬಿಡಿಸಿ ನೋಡಿದ. ಕಣ್ಣಿಗೆ ಏನೂ ಆಗಿರಲಿಲ್ಲ. ಮುಂಗೂದಲು ಸೀದು ಮುದುರಿತ್ತು, ಹುಬ್ಬು ಎರಡೂ ಹೋಗಿದ್ದವು, ಹಣೆ ಕೆಂಪಾಗಿತ್ತು. ಎಲ್ಲರೂ ಕೂದಲು ಸುಟ್ಟ ವಾಸನೆಗೆ ಮೂಗು ಮುಚ್ಚಿಕೊಂಡರು. ಅವನೂ ಮುಚ್ಚಿಕೊಂಡ. ಮಗಳ ಕೂದಲು ಸುಟ್ಟ ಹೊತ್ತಿನಲ್ಲೂ ಆ ನಾಟಕವನ್ನು ಅವನು ಮರೆಯಲಿಲ್ಲ.

ಡಾಕ್ಟರ ಹತ್ತಿರ ಹೋಗಿ, ಮಗಳ ಹಣೆಗೆ ಮುಲಾಮು ಹಚ್ಚಿಸಿಕೊಂಡು ಬಂದ ಮೇಲೆ ಸೂಪರ್‌ವೈಸರು ಕೇಳಿದರು. ಗದರಿಸಿ ಕೇಳಲಿಲ್ಲ, ನಿಜವಾಗಿಯೂ ಆಶ್ಚರ್ಯಪಟ್ಟು ಕೇಳಿದರು.

"ಮೂಗಣ್ಣ, ಅಷ್ಟು ಗ್ಯಾಸ್ ತುಂಬಿತ್ತು. ನಿನ್ನ ಮೂಗಿಗೇ ತಿಳೀಲಿಲ್ವೇನಯ್ಯ?"

ಎಲ್ಲರೂ ಅವನನ್ನೇ ನೋಡಿದರು. ತೆರೆದ ಬಾಗಿಲಾಚೆ ಗ್ರಿಲ್ಲಿನ ಪಕ್ಕದ ಹಲಗೆಯ ಮೇಲೆ ಒರೆಸುವ ಬಟ್ಟೆಯೊಂದು ಮಡಚಿ ಇಟ್ಟಿತ್ತು. ಅದು ಅವನ ಕಣ್ಣಿಗೆ ಬಿತ್ತು.

"ನಾನು ಆರಿಸಿಯೇ ಹೋಗಿದ್ದೆ ಸಾರ್," ಎಂದ. "ಆಮೇಲೆ ಅತ್ತೆ ಬಂದು ಒರೆಸಿದ್ದಾರೆ, ನೋಡಿ ಬಟ್ಟೆ. ನಾಬ್ ತಿರುಗಿಬಿಟ್ಟಿದೆ. ಆಗಷ್ಟೇ ತಿರುಗಿದ್ರೆ ವಾಸನೆ ಹೇಗೆ ಗೊತ್ತಾಗುತ್ತೆ?"

ಅತ್ತೆ ಮೊಮ್ಮಗಳನ್ನು ಅಪ್ಪಿಕೊಂಡು ಕೂತಿದ್ದರು. ಅವರು ಬಾಯಿ ತೆರೆದರು. "ನಾನು ಹಲಗೆ ಒರೆಸ್ದೆ..." ಎಂದರು. ಆಮೇಲೆ ನಾಬ್ ಒರೆಸಿದೆನೋ ಇಲ್ಲವೋ ಎಂದು ಯೋಚಿಸುತ್ತ ಹೋದರು. ಯೋಚಿಸುತ್ತಿದ್ದಂತೆ ಅವರ ಮುಖ ಬಿಳಿಚಿಕೊಂಡಿತು. ನೆನಪಾಗಲಿಲ್ಲ.

ಆಗ ಒಂದು ಮಾತು ಹೇಳಿದ್ದರೆ ಸಾಕಿತ್ತು. ಅವನು ಹೇಳಲಿಲ್ಲ. ಸಂಜೆ ಹೇಳೋಣ ಎಂದುಕೊಂಡ, ನಾಳೆ ಹೇಳೋಣ ಎಂದುಕೊಂಡ. ಆ ರಾತ್ರಿ ಊಟವನ್ನು ಅರ್ಧಕ್ಕೇ ಬಿಟ್ಟೆದ್ದ. ಊಟಕ್ಕೆ ಹೇಗೂ ರುಚಿ ಇರಲಿಲ್ಲ ಬಿಡಿ.

ಮಾರನೆಯ ದಿನದಿಂದ ಅತ್ತೆ ಬೇರೆಯೇ ಮನುಷ್ಯರಾದರು. ಒಲೆ ಹಚ್ಚುವ ಮೊದಲು ತಮ್ಮ ಮಗಳನ್ನು ಕರೆಯುತ್ತಿದ್ದರು. ಆರಿಸಿದ ಮೇಲೆ ಮೂರು ಸಲ ಹೋಗಿ ಮುಟ್ಟಿ ನೋಡುತ್ತಿದ್ದರು. ಹೆಗಲ ಮೇಲಿನ ಬಟ್ಟೆ ಗೂಟಕ್ಕೆ ಹೋಯಿತು. ಮೊಮ್ಮಗಳ ಬೋಳು ಹುಬ್ಬು ನೋಡಿದಾಗಲೆಲ್ಲ ಮುಖ ತಿರುಗಿಸಿಕೊಳ್ಳುತ್ತಿದ್ದರು. "ಅಜ್ಜಿ, ಹುಬ್ಬು ಬೆಳೆಯುತ್ತೆ, ಅಲ್ಲಿವರೆಗೆ ಪೆನ್ಸಿಲಲ್ಲಿ ಬರ್ಕೋತೀನಿ, ಒಂದು ದಿನ ಕೋಪದ್ದು, ಒಂದು ದಿನ ನಗೋದು" ಎಂದು ಅವಳು ನಗಿಸಲು ನೋಡಿದರೂ ಅವರು ನಗಲಿಲ್ಲ.

ಗುರುವಾರ ಹೆಂಡತಿ ಅವನನ್ನು ಕೋಣೆಗೆ ಕರೆದು, ದನಿ ತಗ್ಗಿಸಿ ಹೇಳಿದಳು. "ರೀ, ನಾವು ಕೆಲಸಕ್ಕೆ ಹೋದ ಮೇಲೆ ಅಮ್ಮ ಒಬ್ಬರೇ ಇರ್ತಾರೆ. ದೊಡ್ಡಮ್ಮಂಗೂ ಶುರುವಾಗಿದ್ದು ಹೀಗೇ. ನೀವು ಗಿರಾಕಿಗಳ ಮನೇಲಿ ಹಾಕ್ತೀರಲ್ಲ, ಬೀಗ ಇರೋ ವಾಲ್ವು, ಅದನ್ನ ನಮ್ಮ ಒಲೆ ಪೈಪಿಗೂ ಹಾಕಿಬಿಡಿ." ಹೇಳುತ್ತ ಹೇಳುತ್ತ ಅವಳು ಅತ್ತುಬಿಟ್ಟಳು.

ಈಗಲಾದರೂ ಬಾಯಿ ಬಿಡಬೇಕಿತ್ತು. ಅವನು "ನಾಳೆ ತರ್ತೀನಿ" ಎಂದ. ನಾಚಿಕೆಯಿಲ್ಲದವನಲ್ಲ ಅವನು. ನಾಚಿಕೆ ಮೈತುಂಬ ಇತ್ತು, ಅದಕ್ಕೇ ಬಾಯಿ ಕಟ್ಟಿತ್ತು. ಒಂದು ಸುಳ್ಳನ್ನು ಬಿಚ್ಚಿದರೆ ಎರಡು ವರ್ಷದ ಸುಳ್ಳೂ ಬಿಚ್ಚಿಕೊಳ್ಳುತ್ತದೆ. ಮೂಗಿಲ್ಲದ ಮೂಗಣ್ಣನನ್ನು ಯಾರು ಮನೆಯೊಳಗೆ ಬಿಟ್ಟುಕೊಳ್ಳುತ್ತಾರೆ? ಹೀಗೆ ತನ್ನ ಮೂಗಿನ ನೇರಕ್ಕೇ ಯೋಚಿಸುತ್ತ ಅವನು ಶುಕ್ರವಾರ ಸಂಜೆ ವಾಲ್ವು ಹಿಡಿದು ಮನೆಗೆ ಬಂದ.

ಅಡುಗೆ ಕಟ್ಟೆಯ ಕೆಳಗೆ ಕತ್ತಲು. ಮಂಡಿಯೂರಿ ತಲೆ ಒಳಗೆ ತೂರಿಸಿ, ಗೋಡೆಯ ಬಿಳಿ ಟೈಲಿಗೆ ಎರಡು ತೂತು ಕೊರೆಯಬೇಕಿತ್ತು. ಯಾರೋ ಹಿಂದಿನಿಂದ ಟಾರ್ಚು ಬಿಟ್ಟರು. ಬೆಳಕು ಸರಿಯಾಗಿ ಸ್ಕ್ರೂ ಇರುವಲ್ಲಿಗೇ ಬಿತ್ತು. ಮಗಳಿರಬೇಕು ಎಂದುಕೊಂಡು ತಿರುಗಿದರೆ ಅತ್ತೆ ಬಗ್ಗಿ ನಿಂತಿದ್ದರು, ಒಂದು ಕೈ ಸೊಂಟದ ಮೇಲೆ.

"ಭದ್ರವಾಗಿ ಹಾಕಿ ಅಳಿಯಂದ್ರೇ," ಎಂದರು. "ನಾನು ಎಳೆದ್ರೂ ಬರಬಾರ್ದು."

ಕೊನೆಯ ಸ್ಕ್ರೂ ಬಿಗಿಯುವವರೆಗೂ ಅವರು ಟಾರ್ಚು ಅಲ್ಲಾಡಿಸಲಿಲ್ಲ. ಬೀಗದ ಕೈ ಹೆಂಡತಿಯ ಕೈಚೀಲ ಸೇರಿತು.

ಇನ್ನೆರಡು ವಾರ ಹೀಗೇ ಕಳೆಯಿತು. ಗ್ರಿಲ್ಲಿನ ಮೇಲೆ ಟಾರ್ಪಾಲು ಹೊದಿಸಿ ಮೂಲೆಗೆ ತಳ್ಳಿದ್ದ. ಬಟ್ಟೆ ಒಣಗಿಸಲು ಹೋದಾಗಲೆಲ್ಲ ಅದು ಕಾಲಿಗೆ ಅಡ್ಡ ಬರುತ್ತಿತ್ತು. ಆಮೇಲೊಂದು ಸಂಜೆ ಬೇಗ ಮನೆಗೆ ಬಂದ. ಹೆಂಡತಿ, ಮಗಳು ಇನ್ನೂ ಬಂದಿರಲಿಲ್ಲ. ಅತ್ತೆಯ ಕೋಣೆಯಿಂದ ಮಾತು ಕೇಳಿಸಿತು. ಯಾರೋ ಬಂದಿದ್ದಾರೆ ಎಂದು ಬಾಗಿಲ ಬಳಿ ನಿಂತ. ಯಾರೂ ಬಂದಿರಲಿಲ್ಲ. ಅತ್ತೆ ಮಂಚದ ಮೇಲೆ ಗೋಡೆಗೆ ಮುಖ ಮಾಡಿ ಕೂತು, ಮಗ್ಗಿ ಒಪ್ಪಿಸುವ ಹಾಗೆ ಒಪ್ಪಿಸುತ್ತಿದ್ದರು.

"ಬಟ್ಟೆ ಒದ್ದೆ ಮಾಡ್ದೆ. ನಲ್ಲೀಲಿ ಹಿಂಡ್ದೆ. ಬಲಗಡೆ ಹಲಗೆ ಒರೆಸ್ದೆ. ಎಡಗಡೆ ಹಲಗೆ ಒರೆಸ್ದೆ. ಬಟ್ಟೆ ಮಡಚಿಟ್ಟೆ. ನಾಬ್... ನಾಬ್ ಮುಟ್ಟಿದ್ನಾ?" ಮತ್ತೆ ಮೊದಲಿಂದ. "ಬಟ್ಟೆ ಒದ್ದೆ ಮಾಡ್ದೆ..."

ಇಲ್ಲದ್ದನ್ನು ನೆನಪಿಸಿಕೊಳ್ಳಲು ಒದ್ದಾಡುತ್ತಿದ್ದರು ಆ ಹೆಂಗಸು. ಮೂಗಣ್ಣನಿಗೆ ತಾನು ಎಷ್ಟು ಸಣ್ಣವನು ಎಂದು ಆಗ ನಿಚ್ಚಳವಾಗಿ ಕಂಡಿತು. ಅವನು ಒಳಗೆ ಹೋಗಿ ನೆಲದ ಮೇಲೆ ಕೂತ.

"ಅತ್ತೆ, ನಾಬ್ ನೀವು ಮುಟ್ಟಿಲ್ಲ. ನಾನೇ ತೆರೆದಿಟ್ಟು ಹೋಗಿದ್ದೆ."

ಅವರು ತಿರುಗಿ ನೋಡಿದರು. "ನನ್ನ ಸಮಾಧಾನಕ್ಕೆ ಹೇಳ್ತಿದ್ದೀರಾ?"

"ಅಲ್ಲ. ಆವತ್ತು ಹೇಳಿದ್ದು ಸುಳ್ಳು. ನನಗೆ... ನನಗೆ ಎರಡು ವರ್ಷದಿಂದ ವಾಸನೆ ಗೊತ್ತಾಗಲ್ಲ ಅತ್ತೆ. ಏನೂ ಗೊತ್ತಾಗಲ್ಲ."

"ಅದು ಗೊತ್ತು ನಂಗೆ," ಎಂದರು ಅತ್ತೆ.

ಅವನು ಕಣ್ಣು ಕಣ್ಣು ಬಿಟ್ಟ.

"ಜ್ವರ ಬಿಟ್ಟ ವಾರ, ಹಾಲು ಹುಳಿಯಾಗಿತ್ತು. ನಾನು ಚೆಲ್ಲೋಕೆ ಇಟ್ಟಿದ್ದೆ. ನೀವು ಗಟಗಟ ಕುಡಿದು, 'ಹಾಲು ಘಮ್ ಅಂತಿದೆ' ಅಂದ್ರಿ. ಆವತ್ತಿಂದ ನಿಮ್ಮ ತಟ್ಟೆಗೆ ಬರೋದನ್ನೆಲ್ಲ ನಾನು ಮೊದಲು ಮೂಸಿ ನೋಡ್ತೀನಿ. ಕೆಲಸಕ್ಕೆ ಹಾಕ್ಕೊಂಡು ಹೋಗೋ ಶರ್ಟನ್ನೂ ಅಷ್ಟೆ. ಬೆವರು ನಾತ ಬರ್ತಿದ್ರೆ ತೆಗೆದು ಬೇರೆ ಇಡ್ತೀನಿ."

"ಯಾರಿಗೂ ಹೇಳ್ಲಿಲ್ಲ ನೀವು."

"ನಿಮ್ಮ ಹೊಟ್ಟೆಪಾಡು. ನೀವೇ ಮುಚ್ಚಿಟ್ಟಿದ್ದನ್ನ ನಾನ್ಯಾಕೆ ಬಿಚ್ಚಲಿ?"

"ಆವತ್ತಾದ್ರೂ ಹೇಳಬಹುದಿತ್ತಲ್ಲ ಅತ್ತೆ. ನಾನು ಎಲ್ಲರ ಮುಂದೆ ನಿಮ್ಮ ಮೇಲೆ ಹಾಕಿದಾಗ. ಇವನಿಗೆ ಮೂಗೇ ಇಲ್ಲ ಅಂತ ಒಂದು ಮಾತು..."

"ನಿಮ್ಮ ಸಾಹೇಬರ ಮುಂದೆ?" ಅತ್ತೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದರು, ಬಿಚ್ಚಿದರು. "ಅದೂ ಅಲ್ದೆ ನೀವು ಹೇಳಿದ್ದು ನಿಜ ಅಂತಲೇ ನಂಬಿದ್ದೆ. ನಿಮಗೆ ವಾಸನೆ ಬರಲ್ಲ ಅಂತ ಈ ಮನೇಲಿ ಗೊತ್ತಿದ್ದೋಳು ನಾನೊಬ್ಬಳೇ. ಗೊತ್ತಿದ್ದೂ ನಾಬ್ ತಿರುಗಿಸಿಟ್ಟು ಬಂದೆನಲ್ಲ, ಮಗು ಮುಖ ಸುಟ್ಟೆನಲ್ಲ, ನನ್ನ ತಲೆ ಕೆಟ್ಟಿದ್ದಕ್ಕೆ ಇನ್ನೇನು ಸಾಕ್ಷಿ ಬೇಕು ಅಂತ ಈ ಮೂರು ವಾರ..."

ಮೂಗಣ್ಣ ತಲೆ ಎತ್ತಲಿಲ್ಲ. ಅವರು ಬೈದಿದ್ದರೆ ತಡೆದುಕೊಳ್ಳುತ್ತಿದ್ದ. ತನ್ನ ತಟ್ಟೆಯನ್ನು ಎರಡು ವರ್ಷ ಮೂಸಿ ನೋಡಿ ಕೊಟ್ಟ ಕೈಯಿಂದಲೇ ಟಾರ್ಚು ಹಿಡಿಸಿಕೊಂಡು, ಆ ಕೈಗೆ ಒಲೆ ಸಿಗದಂತೆ ಬೀಗ ಹಾಕಿದ್ದ.

ಸ್ವಲ್ಪ ಹೊತ್ತಿನ ಮೇಲೆ ಅತ್ತೆಯ ದನಿಗೆ ಹಳೆಯ ಚುರುಕು ಬಂತು. "ನಂಗೊಬ್ಬಳಿಗೆ ಹೇಳಿದ್ರೆ ಏನು ಬಂತು? ನನ್ನ ಮಗಳಿಗೆ ಹೇಳಿ. ಮೊಮ್ಮಗಳಿಗೆ ಹೇಳಿ. ಯಾರ ಮುಂದೆ ನನ್ನ ಹೆಸರು ಹೇಳಿದ್ರೋ ಅವರ ಮುಂದೆ ಹೇಳಿ."

ಅವನು ಹೇಳಿದ. ಆ ಸಂಜೆಯೇ ಹೆಂಡತಿಗೆ ಹೇಳಿದ. ಅವಳು ಕೈಚೀಲದಿಂದ ಬೀಗದ ಕೈ ತೆಗೆದು ಅವನ ಮುಂದೆ ಎಸೆದಳು. ನಾಲ್ಕು ದಿನ ಅವನೊಡನೆ ಮಾತು ಬಿಟ್ಟಳು. ಮಗಳು ಎಲ್ಲ ಕೇಳಿ, "ಅಪ್ಪ, ನಾನು ಹೇಳೋಕೆ ಬಂದೆ, ನೀನು ಕೇಳಲೇ ಇಲ್ಲ" ಎಂದಷ್ಟೇ ಅಂದು ಅಜ್ಜಿಯ ಕೋಣೆಗೆ ಹೋದಳು. ಮರುದಿನ ಸೂಪರ್‌ವೈಸರ ಮೇಜಿನ ಮುಂದೆ ನಿಂತು ಹೇಳಿದ. ಅವರು ಬಹಳ ಹೊತ್ತು ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡಿದರು. "ಮೂಗು ಹೋಗಿದ್ದಕ್ಕೆ ನಿನ್ನ ಏನೂ ಅನ್ನಲ್ಲ," ಎಂದರು ಕೊನೆಗೆ, "ಆ ಮುದುಕಿ ಮೇಲೆ ಹಾಕಿದ್ಯಲ್ಲಯ್ಯ." ಅವನನ್ನು ತಪಾಸಣೆಯಿಂದ ತೆಗೆದು ಬಿಡಿಭಾಗ ಕೊಡುವ ಕೌಂಟರಿಗೆ ಹಾಕಿದರು. ಅಲ್ಲೂ ಎಲ್ಲರೂ ಅವನನ್ನು ಮೂಗಣ್ಣ ಎಂದೇ ಕರೆಯುತ್ತಾರೆ. ಅಣಕಿಸುವುದಕ್ಕಲ್ಲ, ಅಭ್ಯಾಸಕ್ಕೆ. ಅವನಿಗೆ ಪ್ರತಿ ಸಲವೂ ಚುರ್ ಎನ್ನುತ್ತದೆ.

ಗ್ರಿಲ್ಲನ್ನು ಯಾರಿಗಾದರೂ ಕೊಟ್ಟುಬಿಡುತ್ತೇನೆ ಎಂದ. "ಸುಟ್ಟಿದ್ದು ನನ್ನ ಹುಬ್ಬು, ತೀರ್ಮಾನಾನೂ ನಂದೇ" ಎಂದು ಮಗಳು ಬಿಡಲಿಲ್ಲ. ಹಾಗಾಗಿ ಅದು ಇದೆ. ಭಾನುವಾರಗಳಲ್ಲಿ ಮುಚ್ಚಳ ಪೂರ್ತಿ ತೆರೆದು, ಎಲ್ಲರನ್ನೂ ಬಾಗಿಲವರೆಗೆ ಹಿಂದೆ ಕಳಿಸಿ ಅವನು ಕೈ ಕಟ್ಟಿಕೊಂಡು ನಿಲ್ಲುತ್ತಾನೆ. ಅತ್ತೆ ಬಂದು, ಬಗ್ಗಿ, ಮೂಸಿ, "ಹೂಂ, ಹಚ್ಚಿ" ಎಂದ ಮೇಲೆಯೇ ಗುಂಡಿ ಒತ್ತುತ್ತಾನೆ. ಮೆಣಸಿನಕಾಯಿ ಕಪ್ಪಾಗುವಂತೆ ಸುಟ್ಟರೂ ಅವನಿಗೆ ಏನೂ ಬರುವುದಿಲ್ಲ. ಅಂಗಡಿಯಲ್ಲಿ ಬಂದದ್ದು ಬರೀ ಆಸೆ ಇರಬೇಕು.

ಅಡುಗೆ ಕಟ್ಟೆಯ ಕೆಳಗಿನ ವಾಲ್ವನ್ನೂ ಬಿಚ್ಚಿ ತೆಗೆದ. ಬಿಳಿ ಟೈಲಿನಲ್ಲಿ ಎರಡು ತೂತು ಹಾಗೇ ಉಳಿದವು. ಒರೆಸುವ ಬಟ್ಟೆ ಗೂಟದಿಂದ ಅತ್ತೆಯ ಹೆಗಲಿಗೆ ಮರಳಿತು. ಬೆಳಗಿನ ಅಡುಗೆ ಮತ್ತೆ ಅವರದ್ದೇ. ಅತ್ತೆಯನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ ತೋರಿಸಿದ್ದೂ ಆಯಿತು. ಡಾಕ್ಟರು ನಾಲ್ಕು ಹಾಳೆ ಪ್ರಶ್ನೆ ಕೇಳಿ, "ಇವರ ತಲೆ ನನಗಿಂತ ಚೆನ್ನಾಗಿದೆ" ಎಂದು ನಕ್ಕು ಕಳಿಸಿದರು. ಎಲ್ಲ ಮೊದಲಿನಂತೆಯೇ ಆಯಿತು ಎಂದು ಹೆಂಡತಿ ಅಕ್ಕಪಕ್ಕದವರಿಗೆ ಹೇಳುತ್ತಾಳೆ.

ಆದರೆ ದಿನವೂ ಬೆಳಿಗ್ಗೆ ಅವನು ಶೂ ಹಾಕಿಕೊಳ್ಳುವ ಹೊತ್ತಿಗೆ ಅಡುಗೆಮನೆಯಿಂದ ಒಂದು ದನಿ ಬರುತ್ತದೆ. ಆ ಭಾನುವಾರಕ್ಕೆ ಮೊದಲು ಅತ್ತೆ ಎಂದೂ ಯಾರನ್ನೂ ಹೀಗೆ ಕೇಳಿದವರಲ್ಲ.

"ಅಳಿಯಂದ್ರೇ, ಒಲೆ ಆರಿಸಿದ್ದೀನಾ, ಒಂದ್ಸಲ ನೋಡ್ತೀರಾ?"

ಅವನು ಹಾಕಿದ ಶೂ ಬಿಚ್ಚಿ ಒಳಗೆ ಹೋಗುತ್ತಾನೆ. ನಾಬ್‌ಗಳನ್ನು ಒಂದೊಂದಾಗಿ ಮುಟ್ಟಿ ನೋಡುತ್ತಾನೆ. ಒಲೆ ಆರಿರುತ್ತದೆ. ಒಂದು ದಿನವೂ ಆರದೆ ಇದ್ದದ್ದಿಲ್ಲ.

"ಆರಿಸಿದ್ದೀರಿ ಅತ್ತೆ," ಎನ್ನುತ್ತಾನೆ, ಅವರ ಮುಖ ನೋಡದೆ.